ಎಷ್ಟು ಪನ್ನದ ಹಾಸಿಗೆ?

ಬಾನ್ಯುವಾಂಗಿ ಕಡೆಯ ನಮ್ಮೂರಿನಲ್ಲಿ ಮದುವೆಯಾದ ಹೆಣ್ಣಿಗೆ ತಾಯಿ ಕೊಡುವುದು ಒಂದೇ ಬಗೆಯ ಹಾಸಿಗೆ: ಮೇಲೆ ಕೆಳಗೆ ಕಪ್ಪು, ಸುತ್ತ ಕೆಂಪು, ಒಳಗೆ ಬೂರುಗದ ಹತ್ತಿ. ಹೊಲಿಯುವವಳು ನಾನು, ಮಿಸ್ನಾ. ಈಗಿನವರು ಪೇಟೆಯಿಂದ ಆರಡಿ ಅಗಲದ ಸ್ಪ್ರಿಂಗ್ ಹಾಸಿಗೆ ತಂದು, ಬಾಗಿಲಲ್ಲಿ ತೂರಿಸಲಾಗದೆ ಒದ್ದಾಡುತ್ತಾರೆ. ಒದ್ದಾಡಲಿ. ನನ್ನಜ್ಜಿಯ ಕಾಲದಲ್ಲಿ ಅಡಿಯೂ ಇರಲಿಲ್ಲ, ಗಿಡಿಯೂ ಇರಲಿಲ್ಲ. ಮಗ್ಗದಿಂದ ಇಳಿದ ಬಟ್ಟೆಯ ಪೂರ್ತಿ ಅಗಲವೇ ಒಂದು ಪನ್ನ; ಒಂದು ಪನ್ನ ಒಬ್ಬರಿಗೆ, ಎರಡು ಪನ್ನ ಕೂಡಿಸಿದರೆ ಗಂಡ ಹೆಂಡತಿಗೆ. ಬಿಸಿಲಿಗೆ ಹಾಕಿದ ಹಾಸಿಗೆ ನೋಡಿಯೇ ಆ ಮನೆಯಲ್ಲಿ ಯಾರು ಒಂಟಿ, ಯಾರು ಜೋಡಿ ಎಂದು ಹೇಳಿಬಿಡುತ್ತೇನೆ.

ಸುವಾರ್ನಿ ಬಂದಾಗ ನನ್ನ ಕಿವಿ ನೆಟ್ಟಗಾಯಿತು. ಅವಳ ತಾಯಿ ರುಕಿನಾ ವಿಧವೆ. ಕಾಫಿ ಹುರಿಯುವ ಕರ್ಸಾನನನ್ನು ಮದುವೆಯಾಗುವ ಆಸೆ ಅವಳಿಗೆ. ಮಗಳು ಒಪ್ಪಿದರೆ ಮಾತ್ರ ಎಂದು ಸುಗ್ಗಿಯಿಂದ ಕಾಯುತ್ತಿದ್ದಾಳೆ. ಮಗಳೋ, ಹೂಂ ಇಲ್ಲ, ಊಹೂಂ ಇಲ್ಲ, ತಾಯಿಯ ಜೊತೆ ಮಾತನ್ನೇ ಬಿಟ್ಟಿದ್ದಾಳೆ.

"ಬಿಕ್, ಅಮ್ಮಂಗೊಂದು ಹಾಸಿಗೆ ಬೇಕು," ಎಂದಳು. ಊರಿಗೆಲ್ಲ ಚಿಕ್ಕಮ್ಮ ನಾನು, ಎಲ್ಲರ ಬಾಯಲ್ಲೂ ಬಿಕ್.

"ಎಷ್ಟು ಪನ್ನ?"

"ಹಳೇದು ಎಷ್ಟಿತ್ತೋ ಅಷ್ಟೇ."

"ನಿಮ್ಮಪ್ಪ ಹೋದ್ಮೇಲೆ ಅದನ್ನ ಬಿಚ್ಚಿ ಒಂಟಿ ಪನ್ನ ಮಾಡ್ಕೊಟ್ಟೋಳು ನಾನೇ. ಮುಂಚಿನ ಅಳತೆನೋ, ಆಮೇಲಿಂದೋ? ಬಾಯ್ಬಿಟ್ಟು ಹೇಳೇ ಮಾರಾಯ್ತಿ."

ಬಾಗಿಲ ಕಡೆಗೆ ಮುಖ ತಿರುಗಿಸಿದಳು. ನನಗೆ ಮೈಯುರಿಯಿತು. ಒಂಟಿ ಪನ್ನದ ಹಾಸಿಗೆ ಕೊಟ್ಟರೆ, ನೀನು ಹೀಗೇ ಬಿದ್ದಿರು ಎಂದು ತಾಯಿಗೆ ಹೇಳಿದಂತೆಯೇ.

"ಒಂಟಿ ಪನ್ನ ಆದ್ರೆ ಬೇರೆ ಯಾರ ಹತ್ರನಾದ್ರೂ ಹೊಲಿಸ್ಕೋ. ನನ್ನ ಕೈಲಾಗಲ್ಲ."

ಅವಳು ನೆಲದ ಮೇಲೆ ಹರಡಿದ್ದ ಕಪ್ಪು ಬಟ್ಟೆಯನ್ನೇ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ಅದರ ನಡುವೆ ಮಲಗಿಬಿಟ್ಟಳು. ಇದೇನಪ್ಪಾ ಇವಳ ಆಟ ಎಂದುಕೊಂಡೆ.

"ಅಪ್ಪ ಹೋದ ಹೊಸದ್ರಲ್ಲಿ ಅಮ್ಮನ ಪಕ್ಕ ನಾನೇ ಮಲಗ್ತಿದ್ದೆ ಬಿಕ್. ನಿದ್ದೇಲಿ ಕೈ ಚಾಚಿ ತಡಕಾಡೋಳು. ನಾನಿದೀನಲ್ಲಮ್ಮ ಅಂದ್ರೂ ಆ ಕೈ ನಿಲ್ತಿರಲಿಲ್ಲ. ಅದಕ್ಕೇ ಹಾಸಿಗೆ ಕಿರಿದು ಮಾಡಿಸಿದ್ಲು."

ಮೆಲ್ಲಗೆ ಅಂಚಿಗೆ ಸರಿದು, ಪಕ್ಕದ ಖಾಲಿ ಜಾಗವನ್ನು ಕೈಯಿಂದ ಸವರಿದಳು.

"ಈಗ ಅಳೀರಿ. ಕರ್ಸಾನ ಅವ್ರು ಸ್ವಲ್ಪ ದಪ್ಪ ಇದಾರೆ. ಎರಡು ಪನ್ನ ಸಾಲದೇನೋ."

ನನಗೆ ಅಳು ಬಂತು. ಮೂರನೇ ಪನ್ನ ತರುತ್ತೇನೆಂದು ಒಳಗೆ ಹೋದೆ.