ಮೊಗ್ಗಾದ ಮೇಲೆ ಏನು

೧೯೦೮ರ ಚಳಿಗಾಲದಲ್ಲಿ ಮೊಳಕಾಲ್ಮೂರಿನ ನೇಕಾರ ಹನುಮಣ್ಣನಿಗೆ ಲಕ್ವ ಹೊಡೆಯಿತು. ಬೇಸಿಗೆಯ ಹೊತ್ತಿಗೆ ಬಲಗಾಲು ಊರುವಂತಾಯಿತು. ಬಲಗೈ ಸೋತೇ ಇತ್ತು, ಮಾತು ಬರಲೇ ಇಲ್ಲ. "ಲಾ" ಎನ್ನುವುದೊಂದೇ ಉಳಿದಿತ್ತು. ಪಕ್ಕದ ಮನೆಯ ಬೀಬಿ ಜಾನ್ ದಿನವೂ ಬಂದು, ಅವನು "ಲಾ" ಎಂದಾಗಲೆಲ್ಲ "ಹೌದಣ್ಣ, ನಂಗೂ ಹಂಗೇ ಅನ್ನಿಸ್ತೈತೆ" ಎಂದು ಉತ್ತರ ಕೊಟ್ಟು ಹೋಗುತ್ತಿದ್ದಳು.

ಅರ್ಧ ನೇಯ್ದ ಸೀರೆ ಮಗ್ಗದಲ್ಲೇ ಇತ್ತು. ಆ ಮನೆತನದಲ್ಲೊಂದು ಕಟ್ಟಳೆ: ಅಂಚಿನಲ್ಲಿ ಯಾವ ಚಿತ್ರದ ಮೇಲೆ ಯಾವುದು, ಎಷ್ಟೆಳೆ ಎಂಬ ಲೆಕ್ಕ ಬಾಯಲ್ಲಿ ಒಪ್ಪಿಸದವರು, ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಗೆ ಇಳಿಯುವಂತಿಲ್ಲ. ಅಣ್ಣ ಓಬಳಪ್ಪ ಎದುರು ಕುಳಿತು ಕೇಳಿದ.

"ಲೇ ಹನುಮಾ, ಮೊಗ್ಗಾದ ಮ್ಯಾಲೆ ಏನು?"

"ಲಾ... ಲಾ..."

"ನವಿಲು ಅನ್ನಲೇ. ಅಷ್ಟಂದ್ರೆ ಸಾಕು."

ಹನುಮಣ್ಣನ ಕಣ್ಣು ತುಂಬಿತು. ಓಬಳಪ್ಪ ಮುಖ ತಿರುಗಿಸಿ ತಮ್ಮನ ಹೆಂಡತಿ ಕೆಂಚಕ್ಕನಿಗೆ ಹೇಳಿದ: "ವಿದ್ಯೆ ತಲೆಯಿಂದ ಅಳಿಸಿ ಹೋಗೈತಮ್ಮ. ಸೀರೆ ನಾನೇ ಮುಗಿಸ್ತೀನಿ. ಆಮ್ಯಾಲೆ ಮಗ್ಗ ನಮ್ಮನೆಗೆ ಸಾಗಿಸ್ತೀನಿ."

ಚಳ್ಳಕೆರೆಯಿಂದ ಬಂದಿದ್ದ ಡಾಕ್ಟರು ಹಾಗೆ ಹೇಳಿರಲಿಲ್ಲ. "ತಲೆಯೊಳಗೆ ಮಾತಿಗೊಂದು ಜಾಗ, ರಾಗಕ್ಕೊಂದು, ಕೈಕೆಲಸಕ್ಕೆ ಬೇರೆ. ಎಲ್ಲ ಕೂಡಿ ದುಡಿಯುತ್ತವೆ. ಪೆಟ್ಟು ಬಿದ್ದಿರುವುದು ಮಾತಿನ ಜಾಗಕ್ಕೆ. ಮಿಕ್ಕವು ಹೇಗೆ ಹೊಂದಿಕೊಳ್ಳುತ್ತವೋ, ನನಗೂ ಗೊತ್ತಿಲ್ಲ" ಎಂದಿದ್ದರು. ಭಾವನ ಎದುರು ಅದನ್ನು ಹೇಳಲು ಕೆಂಚಕ್ಕನಿಗೆ ಧೈರ್ಯ ಬರಲಿಲ್ಲ.

ಮರುದಿನ ಓಬಳಪ್ಪ ಗುಂಡಿಗಿಳಿದ. ಬಲಗಡೆಯ ಅಂಚಿಗೆ ಅಡ್ಡನೂಲಿನ ಲಾಳಿ ಎಸೆಯಲು ಕೆಂಚಕ್ಕ ಎಂದಿನಂತೆ ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತಿಗೆ, ಗೋಡೆಗೊರಗಿದ್ದ ಹನುಮಣ್ಣ ಎಡಗೈಯಿಂದ ನೆಲ ಬಡಿಯತೊಡಗಿದ.

"ಏನಲೇ? ನೀರು ಬೇಕಾ?"

ಮತ್ತೆ ಬಡಿದ. ಕೆಂಚಕ್ಕ ಬಗ್ಗಿ ಅಂಚು ನೋಡಿದಳು.

"ಭಾವ, ಎಳೆ ತಪ್ಪೈತೆ. ನವಿಲಿಗೆ ಕುತ್ತಿಗೇನೇ ಇಲ್ಲ."

ಓಬಳಪ್ಪ ಬೆಪ್ಪಾಗಿ ತಮ್ಮನನ್ನು ನೋಡಿದ. ಕೆಂಚಕ್ಕನಿಗೆ ಏನು ತೋಚಿತೋ, ಗಂಡ ನೇಯುವಾಗ ಗುನುಗುತ್ತಿದ್ದ ರಾಗವನ್ನು ಮೆಲ್ಲಗೆ ಎತ್ತಿದಳು, ಪದವಿಲ್ಲದೆ. ಹನುಮಣ್ಣನ ತುಟಿ ಅಲುಗಿ, ಹಾಡು ಹೊರಟಿತು.

"ಎರಡೆಳೆ ಎತ್ತು, ಒಂದೆಳೆ ಬಿಡು, ಮೊಗ್ಗಿನ ಮಗ್ಗುಲಿಗೆ ನವಿಲಿಡು..."

ಒಂದಕ್ಷರವೂ ತೊದಲಲಿಲ್ಲ. ಓಬಳಪ್ಪ ಲಾಳಿ ಕೆಳಗಿಟ್ಟ.

"ಈಗ ಹೇಳಲೇ, ಮೊಗ್ಗಾದ ಮ್ಯಾಲೆ ಏನು?"

"ಲಾ," ಎಂದ ಹನುಮಣ್ಣ. ಹೇಳಿ ತಾನೇ ನಕ್ಕುಬಿಟ್ಟ.

"ಹೇಳಬ್ಯಾಡಪ್ಪ, ಹಾಡು. ಹಾಡಿದ್ರೂ ಒಪ್ಪಿಸಿದಂಗೇ," ಎಂದು ಓಬಳಪ್ಪ ಮೇಲೆದ್ದು, ತಮ್ಮನ ಕಂಕುಳಿಗೆ ಕೈಕೊಟ್ಟು ಗುಂಡಿಗಿಳಿಸಿದ.

ಹನುಮಣ್ಣ ಹಾಡುತ್ತ ಕಾಲಡಿಯ ಹಲಗೆ ತುಳಿದ. ಎಡಗೈ ಎಸೆದ ಲಾಳಿಯನ್ನು ಬಲಗಡೆ ಕೆಂಚಕ್ಕ ಹಿಡಿದು ಮರಳಿಸಿದಳು. ಮೊದಲು ಎರಡು ಸಲ ಕೈತಪ್ಪಿ ಬಿತ್ತು. ಆಮೇಲೆ ಹಾಡಿನ ಲಯಕ್ಕೆ ಅವಳ ಕೈಯೂ ಕೂಡಿಕೊಂಡಿತು. ಕುತ್ತಿಗೆಯಿಲ್ಲದ ನವಿಲಿನ ಎಳೆಗಳನ್ನು ಬಿಚ್ಚಿ ಮತ್ತೆ ನೇಯ್ದರು.

ಓಬಳಪ್ಪ ಮಗ್ಗ ಸಾಗಿಸುವ ಮಾತೆತ್ತಲಿಲ್ಲ. ತನ್ನ ಹೆಗಲ ಕಂಬಳಿಯನ್ನು ಮಡಚಿ, ತಮ್ಮನ ಸೋತ ತೋಳಿನ ಕೆಳಗೆ ಆಸರೆಯಾಗಿಟ್ಟು ಮನೆಗೆ ಹೋದ.