ಓವರಾಲ್ ಒಗೆದ ಲೆಕ್ಕ

ಪಕ್ಕದ ಮನೆಯ ಡೆರಿಕ್ ಹಡರ್ಸ್‌ಫೀಲ್ಡ್‌ನ ಬಸ್ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ಒಳ್ಳೆಯ ಕೆಲಸಗಾರ, ಆದರೆ ವಿಪರೀತ ಆತುರ. ಕೆಲಸದ ಬಟ್ಟೆ ಒಗೆಯುವ ಖರ್ಚಿಗೆ ವರ್ಷಕ್ಕೆ ಎಂಬತ್ತು ಪೌಂಡ್ ತೆರಿಗೆ ವಿನಾಯಿತಿ ಇದೆ, ಹಿಂದಿನ ವರ್ಷಗಳದ್ದನ್ನೂ ಕೇಳಬಹುದು ಎಂದು ಯಾರೋ ಹೇಳಿದ್ದೇ ತಡ, ಹೆಂಡತಿ ಗೇನರ್‌ಗೆ ಹೊಸ ವಾಷಿಂಗ್ ಮೆಷಿನ್ ಕೊಡಿಸುತ್ತೇನೆಂದು ಮಾತು ಕೊಟ್ಟ. ಅಷ್ಟಕ್ಕೇ ಸುಮ್ಮನಾಗದೆ ಹಳೆಯದನ್ನು ಗುಜರಿಯವನಿಗೆ ಎತ್ತಿ ಕೊಟ್ಟ. ಪಾಪ, ಅಂದಿನಿಂದ ಅವಳು ಸ್ನಾನದ ತೊಟ್ಟಿಯಲ್ಲಿ ನಿಂತು ಅವನ ಗ್ರೀಸು ಮೆತ್ತಿದ ಓವರಾಲ್ ತುಳಿಯುತ್ತಿದ್ದಳು.

ಶನಿವಾರ ನನ್ನನ್ನು ಚಹಾಕ್ಕೆ ಕರೆದರು. ನಾನು ಐದು ವರ್ಷದ ಹಿಂದೆ ನಿವೃತ್ತನಾಗುವವರೆಗೆ ಅದೇ ಗ್ಯಾರೇಜಿನ ಯೂನಿಯನ್ ಕಾರ್ಯದರ್ಶಿ. ಕಂಡವರ ಅರ್ಜಿ ತುಂಬಿ ತುಂಬಿಯೇ ನನ್ನ ತಲೆ ಬೋಳಾದದ್ದು.

"ನೆವಿಲ್, ಐದು ವರ್ಷದ್ದು ಕೇಳಬಹುದಂತೆ. ಎಂಬತ್ತು ಐದ್ಲಿ ನಾನೂರು. ಸರಿ ತಾನೆ?" ಎಂದ ಡೆರಿಕ್.

"ಮಗ್ಗಿ ಸರಿಯಾಗಿದೆ ಮಾರಾಯ, ದುಡ್ಡು ಮಾತ್ರ ಅಷ್ಟಿಲ್ಲ. ಎಂಬತ್ತನ್ನ ಯಾರೂ ನಿನ್ನ ಕೈಗೆ ಕೊಡಲ್ಲ. ನಿನ್ನ ಸಂಬಳದಲ್ಲಿ ಅಷ್ಟರ ಮೇಲೆ ತೆರಿಗೆ ಹಾಕಲ್ಲ, ಅಷ್ಟೆ. ನೀನು ಕಟ್ಟೋದು ನೂರಕ್ಕೆ ಇಪ್ಪತ್ತು. ಎಂಬತ್ತಕ್ಕೆ ಹದಿನಾರು. ಅದು ವಾಪಸ್ಸು."

"ವರ್ಷಕ್ಕೆ ಹದಿನಾರಾ?"

"ಐದು ವರ್ಷಕ್ಕೆ ಎಂಬತ್ತು. ಮೆಷಿನ್ನಿನ ಬಾಗಿಲು ಬರುತ್ತೆ ನೋಡು."

ಗೇನರ್ ನಕ್ಕುಬಿಟ್ಟಳು. "ಹೋಗ್ಲಿ, ಅಷ್ಟಾದ್ರೂ ಬರ್ಲಿ. ತುಳಿದ ಕಾಲು ನಂದು, ದುಡ್ಡೂ ನಂದೇ."

ನಾನು ಅರ್ಜಿ ಶುರು ಮಾಡಿದೆ. "ಗ್ಯಾರೇಜಿನವರೇ ಒಗೆದು ಕೊಡೋ ಏರ್ಪಾಡೇನೂ ಇಲ್ಲ ತಾನೆ? ನನ್ನ ಕಾಲದಲ್ಲಂತೂ ಇರ್ಲಿಲ್ಲ."

"ಇಲ್ದೆ ಏನು? ನೀವು ಬಿಟ್ಟ ವರ್ಷವೇ ಬಂತು!" ಡೆರಿಕ್ ಹೆಮ್ಮೆಯಿಂದ ಬೀಗಿದ. "ಕೊಳೆ ಬಟ್ಟೆ ಹಾಕೋಕೆ ದೊಡ್ಡ ನೀಲಿ ತಳ್ಳುಗಾಡಿ ಇಟ್ಟಿದ್ದಾರೆ. ಶುಕ್ರವಾರ ಹಾಕಿದ್ರೆ ಸೋಮವಾರ ಒಗೆದು ಮಡಚಿ ಬರುತ್ತೆ. ಪುಕ್ಕಟೆ!"

ನಾನು ಪೆನ್ನು ಕೆಳಗಿಟ್ಟೆ. ಹಾಗಿದ್ದರೆ ವಿನಾಯಿತಿ ಸಿಗುವುದಿಲ್ಲ, ಒಂದು ಪೆನ್ನಿಯೂ ಇಲ್ಲ. ಅದನ್ನು ಹೇಳಿದೆ, ಆದರೆ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಗೇನರ್ ಗಂಡನನ್ನೇ ನೋಡುತ್ತಿದ್ದಳು.

"ಪುಕ್ಕಟೆ," ಎಂದಳು. "ಐದು ವರ್ಷದಿಂದ."

"ಅದು ಮದುವೆ ಆಗದ ಹುಡುಗರಿಗೆ ಅಂತ..." ಡೆರಿಕ್ ತೊದಲಿದ. ಆಮೇಲೆ ತಲೆ ತಗ್ಗಿಸಿದ. "ಒಂದ್ಸಲ ಹಾಕಿದ್ದೆ ಕಣೆ. ರಟ್ಟಿನ ಹಾಗೆ ಬಂತು. ನೀನು ಒಗೆದದ್ದು ಹಾಕ್ಕೊಂಡ್ರೆ ಬಸ್ಸಿನ ಕೆಳಗೆ ಮಲಗಿದ್ರೂ ಮನೇಲಿದ್ದ ಹಾಗಿರುತ್ತೆ."

ಗೇನರ್‌ಳ ಕಣ್ಣು ಒದ್ದೆಯಾಯಿತು. ಆದರೆ ಅವಳು ಯಾರ್ಕ್‌ಷೈರಿನ ಹೆಣ್ಣು, ಅಷ್ಟಕ್ಕೆಲ್ಲ ಕರಗುವವಳಲ್ಲ. ಎದ್ದು ಹೋಗಿ, ತೊಟ್ಟಿಯಲ್ಲಿದ್ದ ಓವರಾಲನ್ನು ನೀರು ಸುರಿಯುತ್ತಿದ್ದಂತೆಯೇ ತಂದು ಅವನ ಮಡಿಲಿಗೆ ಹಾಕಿದಳು.

"ಇದು ಗಾಡಿಗೆ. ಮೆಷಿನ್ನು ನಿನ್ನ ಜೇಬಿಂದ. ಅದಕ್ಕೆ ವಿನಾಯಿತಿ ಎಷ್ಟು, ನೆವಿಲ್?"

"ಸೊನ್ನೆ," ಎಂದೆ.

ಮೆಷಿನ್ ಬಂತು. ಡೆರಿಕ್ ಈಗ ರಟ್ಟಿನಂಥ ಓವರಾಲ್ ತೊಟ್ಟು ಕುತ್ತಿಗೆ ಕೆರೆದುಕೊಳ್ಳುತ್ತಲೇ ಕೆಲಸಕ್ಕೆ ಹೋಗುತ್ತಾನೆ. ಆದರೆ ಅವನ ಹುಟ್ಟುಹಬ್ಬದ ಹಿಂದಿನ ದಿನ ಅವರ ಹಿತ್ತಿಲ ಹಗ್ಗದ ಮೇಲೆ ಒಂದು ಓವರಾಲ್ ಒಣಗುತ್ತಿತ್ತು. ನಾನು ಬೇಲಿಯಾಚೆಯಿಂದ ಬೇಕೆಂದೇ ಕೆಮ್ಮಿದೆ.

"ಇದನ್ನ ಲೆಕ್ಕಕ್ಕೆ ಹಿಡೀಬೇಡಿ," ಎಂದಳು ಗೇನರ್, ಕ್ಲಿಪ್ಪು ಸಿಕ್ಕಿಸುತ್ತ.