ಯಾರೂ ಹೇಳದ ಸುದ್ದಿ

“ರಾತ್ರಿ ನಿದ್ದೆ ಸರಿಯಾಗಿ ಬರುತ್ತಾ ನಿಮಗೆ?” ಗಿರಿಜಾ ಕೇಳಿದರು.

ಹೇಮಾಕ್ಷಿಗೆ ರೇಗಿತು. “ಮೇಡಂ, ಕಂಪನಿಯವರು ನಿಮ್ಮನ್ನ ಕಳಿಸಿದ್ದು ನನಗ ಲೀಡರ್‌ಶಿಪ್ ಕಲಿಸಲಿಕ್ಕೆ. ನನ್ನ ನಿದ್ದಿ ತಗೊಂಡು ಏನ್ ಮಾಡ್ತೀರಿ?”

“ಆಫೀಸಿಗೆ ಹೋಗೋದು ಅರ್ಧ ಹೇಮಾಕ್ಷಿ ಅಲ್ಲವಲ್ಲಮ್ಮಾ, ಇಡೀ ಹೇಮಾಕ್ಷಿ.”

ಗಿರಿಜಾ ಬಳ್ಳಾರಿಯಲ್ಲಿ ಹುಟ್ಟಿ ವಿಶಾಖಪಟ್ಟಣಕ್ಕೆ ಸೊಸೆಯಾಗಿ ಬಂದವರು. ಕಂಪನಿಗಳ ಅಧಿಕಾರಿಗಳಿಗೆ ತರಬೇತಿ ಕೊಡುವುದು ಅವರ ಕೆಲಸ. ಹುಬ್ಬಳ್ಳಿಯ ಹೇಮಾಕ್ಷಿ ಅಲ್ಲಿನ ಬಂದರಿನ ಹತ್ತಿರದ ಸೀಗಡಿ ರಫ್ತು ಕಂಪನಿಯೊಂದರ ಮ್ಯಾನೇಜರ್. ೨೦೦೬ರ ಆ ಬೇಸಿಗೆಯಲ್ಲಿ ಒಂದು ಕಂಟೇನರಿನ ಕೂಲಿಂಗ್ ಕೆಟ್ಟು ಸರಕೆಲ್ಲ ಹಾಳಾಗಿತ್ತು. ಕೆಳಗಿನವರಿಗೆ ಹಿಂದಿನ ಸಂಜೆಯೇ ಗೊತ್ತಿತ್ತು. ಅವಳ ಮುಂದೆ ಬಾಯಿಬಿಡುವ ಧೈರ್ಯ ಯಾರಿಗೂ ಆಗಿರಲಿಲ್ಲ. ಹೀಗೇ ಆದರೆ ಅವಳ ಹುದ್ದೆ ಉಳಿಯುವುದಿಲ್ಲವೆಂದು ಮೇಲಿನವರು ಹೇಳಿದ್ದರು.

ಎಂವಿಪಿ ಕಾಲೋನಿಯ ಅವಳ ಮನೆಯಲ್ಲೇ ಮಾತು ನಡೆದಿತ್ತು. ಒಳಗಿನ ಕೋಣೆಯಲ್ಲಿ ಮಗಳು ಅಪೂರ್ವ ಕೆಮ್ಮಿದಳು.

“ಪಾಪುಗೆ ಹುಷಾರಿಲ್ವಾ?” ಗಿರಿಜಾ ಕೇಳಿದರು.

ಕಾಫಿ ತಂದ ಗಂಡ ಚಿರಂತ್ ತಡವರಿಸಿದ. “ಮೊನ್ನಿಂದ ಜ್ವರ ಅದ.”

“ನನಗ್ಯಾಕ ಹೇಳಲಿಲ್ಲ?” ಹೇಮಾಕ್ಷಿಯ ದನಿ ಏರಿತು.

“ಹಿಂಗ ಒದರ್ತಿ ಅಂತನ.”

ಮಗಳು ಏಳುವ ಮೊದಲೇ ಹೋಗಿ, ಮಲಗಿದ ಮೇಲೆ ಬರುವ ಹೇಮಾಕ್ಷಿ ಒಳಗಿನ ಕೋಣೆಯತ್ತ ತಿರುಗಿದಳು. ಗಿರಿಜಾ ಎದ್ದರು. “ಇವತ್ತಿಗೆ ಸಾಕಮ್ಮಾ. ಪಾಪು ಹತ್ರ ಕೂತ್ಕೊಳ್ಳಿ.”

ಅಮ್ಮ ಪಕ್ಕದಲ್ಲಿ ಕೂತಾಗ ಅಪೂರ್ವ ಕ್ಲಾಸಿನಲ್ಲಿ ವಾಂತಿಯಾದದ್ದನ್ನು, ಗೆಳತಿ ನೀರು ತಂದದ್ದನ್ನು ತೆಲುಗು ಬೆರೆತ ಕನ್ನಡದಲ್ಲಿ ಹೇಳಿದಳು. ಬಿಸಿಲಲ್ಲಿ ಐಸ್ ತಿಂದದ್ದನ್ನೂ ಹೇಳಿದಳು. ಬೈಗುಳ ನಾಲಗೆಯ ತುದಿಗೆ ಬಂದರೂ ಹೇಮಾಕ್ಷಿ ಮಗಳ ಕಾಲು ಒತ್ತುತ್ತ ಕೇಳಿಸಿಕೊಂಡಳು.

ಕೆಟ್ಟ ಸುದ್ದಿಯಿದ್ದರೆ ತಕ್ಷಣ ಬಂದು ಹೇಳಿ, ಒದರುವುದಿಲ್ಲ ಎಂದು ಮಾರನೆಯ ದಿನ ಅವಳು ಆಫೀಸಿನಲ್ಲಿ ಎಲ್ಲರಿಗೂ ಹೇಳಿದಳು. ಮುಂದಿನ ವಾರ ಸೂಪರ್‌ವೈಸರ್ ದುರ್ಗಾಪ್ರಸಾದ್ ಅವಳ ಕೋಣೆಯ ಬಾಗಿಲಲ್ಲಿ ನಿಂತರು. ಮುಖ ಬೆವತಿತ್ತು.

“ಮೇಡಂ ಗಾರು, ಒಂದು ಕಂಟೇನರ್ ಬಿಸಿಯಾಗ್ತಿದೆ. ಕರೆಂಟಿನ ಪ್ಲಗ್ ನಾನೇ ಸರಿಯಾಗಿ ನೋಡಲಿಲ್ಲ.”

ಹೇಮಾಕ್ಷಿಗೆ ಸಿಟ್ಟು ನುಗ್ಗಿ ಬಂತು. ಮೇಜಿನ ಅಂಚು ಹಿಡಿದುಕೊಂಡಳು.

“ಬಂದು ಹೇಳಿದಿರಲ್ಲ, ಒಳ್ಳೇದಾಯ್ತು,” ಎಂದಳು ತೆಲುಗಿನಲ್ಲಿ. “ಈಗೇನು ಮಾಡೋಣ ಅಂತೀರಿ?”

ದುರ್ಗಾಪ್ರಸಾದ್ ಅವಳನ್ನೇ ನೋಡಿದರು. ಆಮೇಲೆ ಪಕ್ಕದ ಕೋಲ್ಡ್ ಸ್ಟೋರೇಜಿನಲ್ಲಿ ಜಾಗ ಖಾಲಿಯಿದೆ, ಈಗಲೇ ಸಾಗಿಸಿದರೆ ಸರಕು ಉಳಿಯುತ್ತದೆ ಎಂದರು.

“ನಡೀರಿ,” ಎಂದು ಅವಳು ಎದ್ದಳು.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಪೆಟ್ಟಿಗೆಯೂ ಒಳಸೇರಿತು. ಸೀಗಡಿ ಕಲ್ಲಿನಂತೆ ಗಟ್ಟಿಯಾಗಿಯೇ ಇತ್ತು. ಅಂಗಳದ ನೆರಳಿನಲ್ಲಿ ಬಿದ್ದಿದ್ದ ಮರದ ಹಲಗೆಯ ಮೇಲೆ ಹೇಮಾಕ್ಷಿ ಕೂತಳು. ಅವಳನ್ನು ಕಂಡರೆ ದಾರಿ ಬದಲಿಸುತ್ತಿದ್ದ ಲ್ಯಾಬಿನ ಪ್ರತ್ಯೂಷಾ ದೂರದಿಂದ ನೋಡುತ್ತ ನಿಂತಿದ್ದು ನಿಧಾನವಾಗಿ ಹತ್ತಿರ ಬಂದಳು.

“ಮೇಡಂ, ನಾನೂ ಒಂದು ವಿಷಯ ಹೇಳಬೇಕಿತ್ತು...”

ಹೇಮಾಕ್ಷಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.